ಎದ್ದು ಹಾಡುವ ದೃಶ್ಯ

ರಂಗದ ಮೇಲೆ ಆಡಿದ್ದೆಲ್ಲ ಆಡಿದವರ ಬದುಕಿನಲ್ಲೂ ನಿಜವಾಗತೊಡಗಿದ ಮೇಲೆ, ನಾಟಕ ಕಂಪನಿಗಳು ದುರಂತ ಪ್ರೇಮದ ಹಳೆಯ ಕತೆಗಳನ್ನೆಲ್ಲ ಹಾಡು-ನಗೆಯ ಆಟಗಳಾಗಿ ತಿದ್ದಿಕೊಂಡಿದ್ದವು. ಗದಗಿನ ಕಂಪನಿಯಲ್ಲಿ ರಾಜಕುಮಾರಿ ಈಗ ಕಾಲೇಜು ಹುಡುಗಿ. ಅವಳು ಕುಡಿದ ವಿಷ ಕೆಮ್ಮಿನ ಔಷಧಿಯೆಂದು ಗೊತ್ತಾಗಿ, ಸತ್ತವಳು ಎದ್ದು ಹಾಡುತ್ತ ಪ್ರಿಯಕರನ ಸ್ಕೂಟರ್ ಏರಿ ಹೋಗುತ್ತಿದ್ದಳು.

ಆ ಪಾತ್ರವನ್ನು ತನ್ನ ಹೆಂಡತಿ ನೀಲಗಂಗಾಳಿಗೆ ಕೊಡಿ ಎಂದು ಹಾರ್ಮೋನಿಯಂ ಪೇಟಿ ಬಾರಿಸುವ ಫಕ್ಕೀರಪ್ಪ ಕಂಪನಿ ಮಾಲಕಿಯ ಕಾಲು ಹಿಡಿದ. ಹಾಸಿಗೆ ಹಿಡಿದಿದ್ದ ನೀಲಗಂಗಾ ಬದುಕುವ ಆಸೆಯನ್ನು ಡಾಕ್ಟರು ಬಿಟ್ಟಿದ್ದರು.

"ಎದ್ದ ಮ್ಯಾಲ ಆಕಿ ನಾಯಕನ್ನ ಪ್ರೀತಿ ಮಾಡ್ತಾಳ, ನಿನ್ನನ್ನಲ್ಲ," ಎಂದಳು ಮಾಲಕಿ. "ನೀನ ನಾಯಕ ಆಗಬಾರದ?"

"ಪೇಟಿ ಬಾರಸವ್ರು ಮತ್ಯಾರದಾರ್ರಿ ಅಕ್ಕಾ? ಹಾಡಿಲ್ದ ಆಕಿ ಏಳೂದಿಲ್ಲ. ಉಸಿರಾಡಿದ್ರ ಸಾಕು ನನಗ."

ಆ ಸಂಜೆ ಇಬ್ಬರು ಹಿಡಿದು ನೀಲಗಂಗಾಳನ್ನು ರಂಗಕ್ಕೆ ತಂದರು. ಅವಳು ಬಾಟಲಿ ಎತ್ತಿ ಕುಡಿದು ಬಿದ್ದಳು. ಫಕ್ಕೀರಪ್ಪ ಹಾಡು ಎತ್ತಿದ. ಅವಳು ಅಲುಗಲಿಲ್ಲ. ಮತ್ತೆ ಎತ್ತಿದ. ಇದೂ ತಮಾಷೆಯೆಂದು ಜನ ಶಿಳ್ಳೆ ಹೊಡೆದರು. ಸ್ವರಗಳು ತಪ್ಪಿದವು. "ಏಳ ನೀಲಾ," ಎಂದು ಗೊಣಗುತ್ತ, ಕಣ್ಣು ಮುಚ್ಚಿ ಮತ್ತೊಮ್ಮೆ ಬಾರಿಸಿದ.

ತೀರ ಸಣ್ಣ ದನಿಯೊಂದು ಹಾಡಿಗೆ ಸೇರಿತು. ಕಣ್ಣು ತೆರೆದರೆ ನೀಲಗಂಗಾ ಎದ್ದು ಕೂತಿದ್ದಳು. ಮುಖಕ್ಕೆ ಕಳೆ ಬಂದಿತ್ತು. ನಾಯಕನ ಕೈ ಹಿಡಿದು ಕುಣಿದಳು, ಸ್ಕೂಟರ್ ಏರಿದಳು. ಹೋಗುವ ಮುನ್ನ ಗುರುತಿಲ್ಲದವರನ್ನು ನೋಡುವಂತೆ ಫಕ್ಕೀರಪ್ಪನನ್ನು ನೋಡಿ ನಕ್ಕಳು.

"ಪೇಟಿ ಮಾಸ್ತರ, ಇನ್ನೊಂದೀಟು ಮ್ಯಾಲಿನ ಶ್ರುತಿ ಹಿಡೀರಿ."

ಅವನು ಹಿಡಿದ.