ಆರು ಸ್ಪೀಕರಿನ ಪಂಚಾಯ್ತಿ

ಸಾಹುಕಾರ ಶಿದ್ರಾಮಪ್ಪನವರಿಗೂ ಮಗ ವೀರೇಶನಿಗೂ ಎರಡು ದಿನದಿಂದ ಮಾತಿಲ್ಲ. ಕಾರಣ, ವೀರೇಶ ಕಂಪ್ಯೂಟರಿಗೆ ಹಾಕಿದ ಆರು ಸ್ಪೀಕರುಗಳು. ಕಂಪ್ಯೂಟರಿಗೆ ಇದ್ದದ್ದು ಸ್ಪೀಕರಿನ ಒಂದೇ ತೂತು. ಅದಕ್ಕೆ ಅವನು ಕಡ್ಡಿಪೆಟ್ಟಿಗೆಯಷ್ಟಿರುವ ಯುಎಸ್‌ಬಿ ಸೌಂಡ್ ಡಬ್ಬಿಯೊಂದನ್ನು ತರಿಸಿ, ಅದರಿಂದ ಮೂರು ವೈರು ಎಳೆದು, ಕೋಣೆಯ ನಾಲ್ಕು ಮೂಲೆಗೂ ಶಬ್ದ ಹಂಚಿದ್ದ. ಹಿಂದಿನ ಎರಡು ಸ್ಪೀಕರು ಸತ್ತಿವೆ ಎಂದು ಅಪ್ಪ. ಅಪ್ಪನಿಗೆ ಕೇಳುವುದೇ ಗೊತ್ತಿಲ್ಲ ಎಂದು ಮಗ. ಕಡೆಗೆ ಅಮಾವಾಸ್ಯೆಯ ದಿನ, ಮಗ್ಗಗಳಿಗೆ ರಜೆ ಇದ್ದು ನೇಕಾರರ ಊರು ಬನಹಟ್ಟಿ ಸುಮ್ಮನಿದ್ದಾಗ, ತೀರ್ಪು ಹೇಳಲು ಗಿರಮಲ್ಲಪ್ಪನನ್ನು ಕರೆಸಿದರು.

ಗಿರಮಲ್ಲಪ್ಪ ಸಾಹುಕಾರರ ಶೆಡ್ಡಿನ ಜಾಬರ್, ಅಂದರೆ ಕೆಟ್ಟ ಮಗ್ಗ ರಿಪೇರಿ ಮಾಡುವವನು. ಇಪ್ಪತ್ನಾಲ್ಕು ಪಾವರ್‌ಲೂಮು ಒಟ್ಟಿಗೆ ಬಡಿಯುತ್ತಿದ್ದರೂ ಯಾವುದರ ಸದ್ದು ಸರಿಯಿಲ್ಲ ಎಂದು ಹೇಳಬಲ್ಲ ಎಂದು ಅವನಿಗೆ ಹೆಸರು. ಆ ಹೆಸರಿನ ಮೇಲೆಯೇ, ಮುಂದಿನ ತಿಂಗಳು ಬರಲಿರುವ ಎಂಟು ಹೊಸ ಮಗ್ಗಗಳನ್ನೂ ಅವನಿಗೇ ವಹಿಸುವುದಾಗಿ ಸಾಹುಕಾರರು ಮಾತು ಕೊಟ್ಟಿದ್ದರು. ನಿಜ ಏನೆಂದರೆ, ಗಿರಮಲ್ಲಪ್ಪನಿಗೆ ಕಿವಿ ಕೇಳುವುದು ನಿಂತು ಎಷ್ಟೋ ವರ್ಷವಾಗಿತ್ತು. ಮಗ್ಗದ ರೋಗವನ್ನು ಅವನು ಅಂಗೈ ಇಟ್ಟು ತಿಳಿಯುತ್ತಿದ್ದ, ಮನುಷ್ಯರ ಮಾತನ್ನು ತುಟಿ ನೋಡಿ ತಿಳಿಯುತ್ತಿದ್ದ. ಶೆಡ್ಡಿನ ಗದ್ದಲದಲ್ಲಿ ಎಲ್ಲರೂ ತುಟಿ ನೋಡಿಯೇ ಮಾತಾಡುವ ಊರಿನಲ್ಲಿ ಕಿವುಡನನ್ನು ಗುರುತಿಸುವವರು ಯಾರು? ಹೆಂಡತಿ ತಂಗೆವ್ವನಿಗೂ ಅವನು ಹೇಳಿರಲಿಲ್ಲ. ಕಿವಿ ಹೋದ ಜಾಬರನ ಕೈಗೆ ಯಾರು ಮಗ್ಗ ಕೊಟ್ಟಾರು ಎಂಬ ಹೆದರಿಕೆ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ವೀರೇಶ ಹಾಡು ಹಾಕಿದ. ಹಾಡು ಶುರುವಾಯಿತೆಂದು ಗಿರಮಲ್ಲಪ್ಪನಿಗೆ ತಿಳಿದದ್ದು ಕಿಟಕಿಯ ಗಾಜು ನಡುಗಿದ್ದರಿಂದ. ಸ್ಪೀಕರುಗಳಿಗೆ ತುಟಿ ಇರಲಿಲ್ಲ. ಅವನು ಎದ್ದು, ಹುಬ್ಬು ಗಂಟಿಕ್ಕಿ, ಒಂದೊಂದರ ಮೇಲೂ ಅಂಗೈ ಇಡುತ್ತ ಕೋಣೆ ಸುತ್ತಿದ. ಅಪ್ಪ ಮಗ ಇಬ್ಬರೂ ಡಾಕ್ಟರನ್ನು ನೋಡುವಂತೆ ನೋಡುತ್ತಿದ್ದರು.

“ಹಿಂದಿನವು ಎರಡ ಅಲ್ರಿ ಸಾವ್ಕಾರ್ರ. ಮುಂದ ನಡುವಿಂದೂ ನಿಂತೈತಿ.”

“ನಾ ಏನ್ ಹೇಳಿದ್ನಿ?” ಎಂದರು ಶಿದ್ರಾಮಪ್ಪ.

ವೀರೇಶ ಸೆಟ್ಟಿಂಗ್ ತೆರೆದು ನೋಡಿದ. ಡಬ್ಬಿಗೆ ಆರು ಸ್ಪೀಕರು ಗೊತ್ತಿದ್ದವು, ಕಂಪ್ಯೂಟರು ಮಾತ್ರ ಇನ್ನೂ ಎರಡೇ ಇವೆ ಎಂದುಕೊಂಡಿತ್ತು. ಅದನ್ನು ಬದಲಿಸಿ, ಸೋತ ಮುಖದಲ್ಲಿ ಈ ಕಡೆ ತಿರುಗಿದ.

“ಈಗ ಒಂದೊಂದ ಬಾರಸ್ತೇನಿ. ಕಾಕಾ, ನೀವು ನಡಬರಕ ಕುಂದರ್ರಿ. ಏಳಬ್ಯಾಡ್ರಿ. ಯಾವ ಕಡಿಂದ ಸಪ್ಪಳ ಬರತೈತಿ, ಆ ಕಡೆ ಕೈ ಮಾಡ್ರಿ.”

ಗಿರಮಲ್ಲಪ್ಪ ಕುರ್ಚಿಯಲ್ಲಿ ಕುಳಿತ. ಅಂಗೈ ಮೊಣಕಾಲ ಮೇಲಿತ್ತು, ಅಲ್ಲಿ ಅದಕ್ಕೆ ಏನೂ ಕೆಲಸವಿರಲಿಲ್ಲ. ಎಂಟು ಮಗ್ಗ ಹೋಗಲಿ, ಇದ್ದ ಇಪ್ಪತ್ನಾಲ್ಕೂ ಕೈಬಿಟ್ಟವು ಎಂದುಕೊಂಡ.

ಅಷ್ಟರಲ್ಲಿ ತಂಗೆವ್ವ ಬುಟ್ಟಿ ಹೊತ್ತು, ವೀರೇಶನ ಮಾತು ಕೇಳುತ್ತ, ಅವನ ಎದುರಿನ ಬಾಗಿಲಲ್ಲಿ ಬಂದು ನಿಂತಳು. ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿ ಸಾಹುಕಾರರ ಮನೆಗೆ ಮುಟ್ಟಿಸುವುದು ಅವಳ ಕೆಲಸ. ಸಾಹುಕಾರರ ಕಣ್ಣು ಗಂಡನ ಮೇಲೆ, ವೀರೇಶನ ಕಣ್ಣು ಪರದೆಯ ಮೇಲೆ ಇರುವುದನ್ನು ನೋಡಿದಳು. ಬುಟ್ಟಿ ಇಳಿಸದೆ, ಮುಂದಿನ ಎಡ ಮೂಲೆಯತ್ತ ಗದ್ದ ಎತ್ತಿದಳು. ಶೆಡ್ಡಿನಲ್ಲಿ ಮಗ್ಗ ನಿಂತರೆ ಹೆಂಗಸರು ಜಾಬರನಿಗೆ ತೋರಿಸುವುದು ಹೀಗೆಯೇ. ಗಿರಮಲ್ಲಪ್ಪನ ಕೈ ತಾನಾಗಿ ಆ ಕಡೆ ಹೋಯಿತು.

“ಎಡಕ್ಕ ಮಾಡ್ಯಾನ,” ಎಂದರು ಸಾಹುಕಾರರು, ಗೋಡೆಗೆ ಹೇಳಿದಂತೆ. ಸರಿ ಎಂದ ಮಗ. ಮುಂದಿನ ಬಲದ್ದೂ ಸರಿಯಾಯಿತು, ನಡುವಿನದೂ ಸರಿಯಾಯಿತು. ನಾಲ್ಕನೆಯ ಸಲ ತಂಗೆವ್ವನ ಗದ್ದ ಹಿಂದಿನ ಬಲ ಮೂಲೆಯತ್ತ ತಿರುಗಿತು. ಗಿರಮಲ್ಲಪ್ಪ ಹೆಗಲ ಮೇಲಿಂದ ಅಲ್ಲಿಗೇ ಕೈ ಮಾಡಿದ.

ವೀರೇಶ ತಿರುಗಿದ. “ತಪ್ಪಾತ್ರಿ ಕಾಕಾ. ನಾ ಬಾರಿಸಿದ್ದು ಹಿಂದಿನ ಎಡದ್ದು.”

“ಯಾಕೋ ಗಿರಮಲ್ಲ, ಕೇಳಸಲಿಲ್ಲೇನು?” ಎಂದರು ಸಾಹುಕಾರರು.

ಗಿರಮಲ್ಲಪ್ಪ ಕೈಯನ್ನು ಎಡಕ್ಕೆ ಮಾಡಿ, ಕೈ ತಪ್ಪಿತು ಎಂದುಬಿಟ್ಟರೆ ಮುಗಿಯುತ್ತಿತ್ತು. ಅವನು ತಂಗೆವ್ವನನ್ನು ನೋಡಿದ. ಅವಳ ಗದ್ದ ಬಲ ಮೂಲೆಯನ್ನು ಬಿಟ್ಟಿರಲಿಲ್ಲ.

“ಬಲಕ್ಕನ ಐತ್ರಿ. ನಿಮ್ಮ ವೈರ್ ನೋಡ್ಕೊಳ್ರಿ.”

ವೀರೇಶ ಬಗ್ಗಿ ನೋಡಿದ. ಹಿಂದಿನ ಎರಡು ಸ್ಪೀಕರುಗಳ ವೈರುಗಳನ್ನು ಅವನೇ ಅದಲುಬದಲು ಮಾಡಿ ಚುಚ್ಚಿದ್ದ. ಶಿದ್ರಾಮಪ್ಪನವರು ಎರಡು ದಿನದ ಮೌನ ಮುರಿದು ಮಗನಿಗೆ ಹೇಳಬೇಕಾದದ್ದನ್ನೆಲ್ಲ ಹೇಳಿದರು. ಆಮೇಲೆ ಚಹಾ ತರಿಸಿದರು.

“ಜಾಬರ್ ಅಂದ್ರ ಹಿಂಗ ಇರಬೇಕು. ಎಂಟೂ ಮಗ್ಗ ನಿಂದನ, ಹೋಗು.”

ಗಿರಮಲ್ಲಪ್ಪ ತಂಗೆವ್ವನ ಜೊತೆ ಮನೆಯ ದಾರಿ ಹಿಡಿದ. ಹೆಂಡತಿಯ ಮೇಲೆ ಪ್ರೀತಿ ಉಕ್ಕಿ ಬಂದಿತ್ತು, ಅಷ್ಟೇ ನಾಚಿಕೆಯೂ ಆಗಿತ್ತು. ಓಣಿಯ ತಿರುವಿನಲ್ಲಿ ಯಾರೂ ಇಲ್ಲದ್ದು ನೋಡಿ ನಿಂತು ಕೇಳಿದ.

“ನಿನಗ ಯಾವಾಗ ಗೊತ್ತಾತು?”

ತಂಗೆವ್ವ ಖಾಲಿ ಬುಟ್ಟಿಯನ್ನು ಕಂಕುಳಿಗೆ ಬದಲಿಸಿ, ಅವನಿಗೆ ತುಟಿ ಕಾಣುವಂತೆ ತಿರುಗಿ ನಿಂತಳು.

“ಒಂಬತ್ತ ವರ್ಷ ಆತು. ನೆಗಡಿ ಆಗಿ ನನ್ನ ದನಿ ಪೂರಾ ಹೋಗಿತ್ತು. ನಾಕ ದಿವಸ ಬರೇ ತುಟಿ ಆಡಿಸೀನಿ. ನೀವು ಎಲ್ಲಾದಕ್ಕೂ ಉತ್ತರ ಕೊಟ್ರಿ. ನಿನ್ನ ದನಿಗಿ ಏನಾಗೇತಿ ಅಂತ ಮಾತ್ರ ಕೇಳಲಿಲ್ಲ.”