ಹಳೇ ಪಿಸ್ಟನ್

ಏರ್ ಫಿಲ್ಟರಿನ ಸ್ಪಂಜು ಪೂರಾ ಒಣಗಿತ್ತು. ಗಿರಿಮಲ್ಲಪ್ಪನ ಬೆರಳಿಗೆ ಎಣ್ಣೆಯ ಬದಲು ಸಾವಳಗಿಯ ಧೂಳು ಹತ್ತಿತು. ಅಲ್ಲಿಯ ರೇಸಿನಲ್ಲಿ ಎಂಜಿನ್ ಜಾಮ್ ಆಗಿ, ಓಡುತ್ತಿದ್ದ ಬೈಕಿನ ಹಿಂದಿನ ಗಾಲಿ ಗಕ್ಕನೆ ನಿಂತು, ಅವನ ಗೆಳೆಯ ಗೌರೀಶ ಬಿದ್ದಿದ್ದ. ಆಸ್ಪತ್ರೆಯಿಂದ ಜೀವಂತ ಮರಳಲಿಲ್ಲ. ಇಂಥ ಬೈಕಿನ ಸ್ಪಂಜಿನಲ್ಲಿ ಎಣ್ಣೆ ಇಲ್ಲದಿದ್ದರೆ ಧೂಳು ಒಳಗೆ ನುಗ್ಗಿ ಪಿಸ್ಟನ್ನನ್ನು ತಿಂದುಹಾಕುತ್ತದೆ.

"ಅದನ್ನ ನಾನ ಒಗದಿದ್ದೆ," ಎಂದಳು ಗ್ಯಾರೇಜಿನ ಬಾಗಿಲಲ್ಲಿ ಕೂತಿದ್ದ ಗೌರೀಶನ ತಾಯಿ ಗುರುಬಸವ್ವ. "ಎಣ್ಣಿ ಎಣ್ಣಿ ಆಗಿ ಹೊಲಸ ಆಗಿತ್ತು. ರೇಸಿನ ಹಿಂದಿನ ದಿನ ಸಬಕಾರ ಹಚ್ಚಿ ಒಗದು, ಒಣಗಿಸಿ, ಅವ ಹಾಕೂಹಂಗ ಹಾಕಿಟ್ಟೆ. ಪಾಪ, ದಣದು ಮಲಗಿದ್ದ." ಬೈಕಿನ ಕಡೆ ನೋಡಿ ಕೇಳಿದಳು, "ಗಾಡಿಗಿ ಏನಾಗಿತ್ತೋ ತಮ್ಮಾ?"

ಗಿರಿಮಲ್ಲಪ್ಪ ಸ್ಪಂಜನ್ನು ಸೀಮೆಎಣ್ಣೆಯ ಡಬ್ಬಿಯೊಳಗೆ ಅದುಮಿದ.

"ಪಿಸ್ಟನ್ ಹಳೇದಿತ್ತರಿ ಕಾಕಿ. ಅದ ಹೋಗೇತಿ."

ಗುರುಬಸವ್ವ ದೀರ್ಘವಾಗಿ ಉಸಿರು ಬಿಟ್ಟಳು. "ಹಂಗಂದ್ರ ಖರೆ ಐತಿ. ದವಾಖಾನ್ಯಾಗ, ಸ್ಪಂಜು ಒಗದದ್ದು ಹೇಳಿದಾಗ, ಅವನೂ ನನ್ನ ಕೈ ಹಿಡಕೊಂಡು ಇದನ್ನ ಅಂದಿದ್ದ. ‘ಪಿಸ್ಟನ್ ಹಳೇದಿತ್ತ ಯವ್ವಾ’ ಅಂತ."

ಗಿರಿಮಲ್ಲಪ್ಪ ತಲೆ ಎತ್ತಲಿಲ್ಲ. ರೇಸಿಗೆಂದೇ ಆ ಪಿಸ್ಟನ್ನನ್ನು ಅವನೂ ಗೌರೀಶನೂ ಕೂಡಿ ಹೊಸದಾಗಿ ಹಾಕಿದ್ದರು.