ಸದ್ದಿಲ್ಲದ ಕಾರು

ಬಾಡಿಗೆ ಮನೆಯ ಮಾಲೀಕರು ಪ್ಲಗ್ ಹಾಕಿಸಲು ಒಪ್ಪಲಿಲ್ಲ. ಹಾಗಾಗಿ ಹೊಸ ಎಲೆಕ್ಟ್ರಿಕ್ ಕಾರು ಬಂದ ಮೇಲೆ ಅವನ ಸಂಜೆಗಳೆಲ್ಲ ಚಾರ್ಜಿಂಗ್ ಜಾಗದಲ್ಲೇ ಕಳೆಯತೊಡಗಿದವು.

“ಗಂಟೆಗಟ್ಲೆ ಒಬ್ರೇ ಕೂತು ಬೇಜಾರಾಗಲ್ವಾ ಸಾರ್?” ಎಂದು ಪಕ್ಕದ ಟ್ಯಾಕ್ಸಿಯವನು ಕೇಳಿದ.

“ಇಲ್ಲಪ್ಪ. ಹಳೇ ಡೀಸೆಲ್ ಗಾಡೀಲಿ ಕಿರುಚಿದ್ರೂ ಕೇಳಿಸ್ತಿರಲಿಲ್ಲ. ಇದರಲ್ಲಿ ಪಿಸುಮಾತೂ ಕೇಳುತ್ತೆ.”

ಅವತ್ತು ಅಲ್ಲಿ ಕರೆಂಟು ಹೋಯಿತು. ಅವನು ಬೇಗನೆ ಮನೆಗೆ ಬಂದ. ಹಳೆಯ ಗಾಡಿಯಾಗಿದ್ದರೆ ಬೀದಿಯ ತಿರುವಿನಲ್ಲೇ ಹೆಂಡತಿಗೆ ಗೊತ್ತಾಗುತ್ತಿತ್ತು. ಈ ಕಾರು ಗೇಟಿನವರೆಗೆ ಬೆಕ್ಕಿನಂತೆ ಬಂದು ನಿಂತಿತು.

ಬಾಗಿಲು ಅರ್ಧ ತೆರೆದಿತ್ತು. ಒಳಗೆ, ಎರಡು ವರ್ಷದಿಂದ ಗಂಧದ ಹಾರ ಹೊತ್ತ ಮಗಳ ಫೋಟೊದ ಮುಂದೆ ಹೆಂಡತಿ ಕೂತಿದ್ದಳು. ಕೈಯಲ್ಲಿ ಮೊಸರನ್ನದ ತುತ್ತಿತ್ತು.

“ಬೇಗ ತಿನ್ನು ಕಂದ. ಈ ಕಾರು ಬಂದಾಗಿಂದ ಅಪ್ಪ ಯಾವಾಗ ಬರ್ತಾರೋ ಗೊತ್ತೇ ಆಗಲ್ಲ. ಪಾಪ, ಈಗೀಗ ಸುಧಾರಿಸ್ಕೊಂಡಿದಾರೆ. ನೀನು ಬರೋದು ಅವರಿಗೆ ಗೊತ್ತಾಗಬಾರದು.”

ಅವನು ಹೊಸ್ತಿಲಲ್ಲೇ ನಿಂತ. ಆಮೇಲೆ ಬಂದ ಹಾಗೆಯೇ ಹಿಂದೆ ಸರಿದು, ಚಪ್ಪಲಿ ಕೈಯಲ್ಲಿ ಹಿಡಿದು ಗೇಟು ದಾಟಿದ. ಕಾರಿನ ಹಿಂಬಾಗಿಲು ತೆರೆದು, ಖಾಲಿ ಸೀಟಿಗೆ ಹಾಕಿದ್ದ ಬೆಲ್ಟನ್ನು ಮೆಲ್ಲಗೆ ಬಿಚ್ಚಿದ.

“ಇಳಿ ಪುಟ್ಟಿ, ಓಡು. ಅಮ್ಮ ತುತ್ತು ಹಿಡ್ಕೊಂಡು ಕಾಯ್ತಿದಾಳೆ. ನಾನೊಂದು ಸುತ್ತು ಹೋಗಿ, ಹಾರ್ನ್ ಮಾಡ್ಕೊಂಡು ಬರ್ತೀನಿ.”